ಕ್ರಿಸ್ಮಸ್ ವಾರದ ದುಡಿಮೆ: ನಮ್ಮ ಕೈಗೂ ಕೂಲಿ ಉಂಟು



ಡಿಸೆಂಬರ್ ಬಂತೆಂದರೆ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ತಯಾರಿ ಶುರು. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ರೋಸ್ ಕುಕ್ಕಿ, ಚಕ್ಕುಲಿ, ಜೊತೆಗೊಂದು ಪ್ಲಮ್ ಕೇಕ್. ಹಬ್ಬಕ್ಕೆ ಇದನ್ನೆಲ್ಲ ತಟ್ಟೆಯಲ್ಲಿ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ಜಾತಿ ಧರ್ಮ ನೋಡದೆ ನೆರೆಮನೆಗೆ ಕೊಟ್ಟು ಬರುವುದು ನಮ್ಮ ಕ್ರಮ. ಆ ತಟ್ಟೆಗೆ ಬೆಲೆ ಇಲ್ಲ, ಇರಲೂಬಾರದು.

ಆದರೆ ಮಾರಾಟಕ್ಕೆ ಮಾಡುವ ಕುಸ್ವಾರಿನ ಮಾತು ಬೇರೆ. ಕೆಲಸಕ್ಕೆ ಹೋಗುವವರು, ವಯಸ್ಸಾದವರು, ಪರವೂರಲ್ಲಿರುವವರು ಈಗ ಪ್ಯಾಕೆಟ್ ಕೊಳ್ಳುತ್ತಾರೆ. ಸಂಘಗಳಿಗೆ ಇದು ಒಳ್ಳೆಯ ಅವಕಾಶ. ತೊಂದರೆ ಏನೆಂದರೆ, ನಾವು ಮಾರುವಾಗಲೂ ಹಂಚುವವರ ಹಾಗೆಯೇ ಲೆಕ್ಕ ಹಾಕ್ತೇವೆ. ಮೈದಾ, ಸಕ್ಕರೆ, ಎಣ್ಣೆಯ ದುಡ್ಡು ಪುಸ್ತಕಕ್ಕೆ ಬರುತ್ತದೆ. ನಮ್ಮ ಕೈಕೆಲಸ ಮಾತ್ರ ಬರುವುದಿಲ್ಲ. "ನಮ್ಮ ಕೆಲಸಕ್ಕೆಂಥ ಲೆಕ್ಕ ಮಾರಾಯ್ತಿ, ಮನೆಯಲ್ಲಿ ಸುಮ್ಮನೆ ಕೂತಿದ್ದೆವಲ್ಲ" ಅಂತ ಹೇಳಿಬಿಡ್ತೇವೆ. ಈ ಪಾಠದಲ್ಲಿ ಆ ಲೆಕ್ಕವನ್ನೇ ಕಲಿಯೋಣ.

1. ವಾರದ ಯೋಜನೆ

ನಿಯಮ ಒಂದೇ: ಹಾಳಾಗದ್ದು ಮೊದಲು, ಬೇಗ ಹಾಳಾಗುವುದು ಕೊನೆಗೆ.

* ಡಿಸೆಂಬರ್ 17: ಆರ್ಡರ್ ಪಟ್ಟಿ ಮುಗಿಸಿ ಸಾಮಾನು ತರುವುದು. ಪಟ್ಟಿಯಲ್ಲಿ ಇಲ್ಲದ್ದನ್ನು ಹೆಚ್ಚು ಮಾಡುವುದು ಬೇಡ.
* 18: ಗೋದಲಿಯ ಬಟ್ಟೆ ಗೊಂಬೆ, ಕಾಗದದ ನಕ್ಷತ್ರ.
* 19: ಪ್ಲಮ್ ಕೇಕ್. ಒಣಹಣ್ಣುಗಳನ್ನು ಮೊದಲೇ ನೆನೆಸಿಟ್ಟಿರಬೇಕು. ಈ ಕೇಕ್ ನಾಲ್ಕು ದಿನ ಕಳೆದರೆ ರುಚಿ ಇನ್ನೂ ಹೆಚ್ಚುತ್ತದೆ.
* 20: ಕಿಡಿಯೊ, ತುಕ್ಡಿ, ಚಕ್ಕುಲಿ.
* 21: ಗುಳಿಯೊ, ರೋಸ್ ಕುಕ್ಕಿ.
* 22: ನೆವ್ರಿ. ಒಳಗಿನ ಹೂರಣಕ್ಕೆ ಹಸಿ ತೆಂಗಿನಕಾಯಿ ಹಾಕಿದರೆ ಬೇಗ ಕೆಡುತ್ತದೆ. ಮಾರಾಟಕ್ಕಾದರೆ ಕೊಬ್ಬರಿ, ಹುರಿದ ಎಳ್ಳು ಒಳ್ಳೆಯದು.
* 23: ಪ್ಯಾಕಿಂಗ್, ವಿತರಣೆ.

ಕರಿದ ತಿಂಡಿ ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ಹಾಕಬೇಕು. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ. ಕಪ್ಪಾದ ಎಣ್ಣೆಯಲ್ಲಿ ಮತ್ತೆ ಕರಿಯಬಾರದು.

2. ಕಿಡಿಯೊ ಲೆಕ್ಕ

ಇದೊಂದು ಉದಾಹರಣೆ ಮಾತ್ರ. ದರಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ. 5 ಕಿಲೋ ಕಿಡಿಯೊ ಮಾಡಲು ಸಾಮಾನಿಗೆ 900 ರೂ., ಗ್ಯಾಸಿಗೆ 100, ಪ್ಯಾಕೆಟಿಗೆ 100, ರಿಕ್ಷಾಕ್ಕೆ 50. ಒಟ್ಟು 1,150 ರೂ. ಕಿಲೋಗೆ 300ರಂತೆ ಮಾರಿದರೆ 1,500 ಬಂತು. "350 ರೂಪಾಯಿ ಲಾಭ!" ಅಂತ ಸಂತೋಷ ಪಡ್ತೇವೆ.

ಸ್ವಲ್ಪ ನಿಲ್ಲಿ. ಕಿಡಿಯೊ ಅಂದರೆ ಹಿಟ್ಟಿನ ಒಂದೊಂದೇ ಉಂಡೆಯನ್ನು ಫೋರ್ಕ್ ಅಥವಾ ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡುವ ಕೆಲಸ. ನಾಲ್ಕು ಮಂದಿ ನಾಲ್ಕು ಗಂಟೆ ಕೂತರೆ 16 ಗಂಟೆಯ ದುಡಿಮೆ. 350ನ್ನು 16ರಿಂದ ಭಾಗಿಸಿ: ಒಬ್ಬಳಿಗೆ ಗಂಟೆಗೆ ಪೂರ್ತಿ 22 ರೂಪಾಯಿಯೂ ಸಿಗಲಿಲ್ಲ. ಅದು ಲಾಭ ಅಲ್ಲ, ಅರ್ಧಂಬರ್ಧ ಕೂಲಿ.

ಗಂಟೆಗೆ 60 ರೂ. ಕೂಲಿ ಹಿಡಿದರೆ 960. ಖರ್ಚು 1,150 ಸೇರಿದರೆ 2,110. ಸಂಘಕ್ಕೆ ನೂರಕ್ಕೆ ಹತ್ತು ಅಂದರೆ 211 ಸೇರಿಸಿ, 2,321 ಆಯಿತು. ಕಿಲೋಗೆ ಸುಮಾರು 465 ರೂ. ಬಂತು. ಕಾಲು ಕಿಲೋ ಪ್ಯಾಕೆಟಿಗೆ 120 ರೂ. ಇಡಬಹುದು.

"ಅಷ್ಟು ಹೇಳಿದರೆ ಯಾರು ತೆಗೊಳ್ತಾರೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಮೊದಲು ಕೂಲಿ ಕಡಿಯಬೇಡಿ. ಅಂಗಡಿಗೆ ಕೊಡದೆ ನೇರ ಮನೆಗೆ ಮಾರಲಿಕ್ಕೆ ಆಗುತ್ತದಾ? ಸಾಮಾನು ಸಗಟಿನಲ್ಲಿ ಸಿಗುತ್ತದಾ? ತುಕ್ಡಿಯ ಹಾಗೆ ಲಟ್ಟಿಸಿ ಬೇಗ ಕತ್ತರಿಸುವ ತಿಂಡಿ ಹೆಚ್ಚು ಮಾಡಿ, ಕಿಡಿಯೊ ಕಡಿಮೆ ಮಾಡಬಹುದಾ? ಪ್ರತಿ ತಿಂಡಿಗೂ ಗಂಟೆಯ ಲೆಕ್ಕ ಬರೆದರೆ ಯಾವುದು ನಮ್ಮ ಕೈ ಹಿಡಿಯುತ್ತದೆ ಅಂತ ತಾನಾಗಿ ಗೊತ್ತಾಗುತ್ತದೆ.

3. ಗೋದಲಿಯ ಗೊಂಬೆ

ಅಸ್ಸೀಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚಿಯೊ ಎಂಬಲ್ಲಿ ಹುಲ್ಲು, ಎತ್ತು, ಕತ್ತೆ ಇರಿಸಿ ಬೆತ್ಲೆಹೇಮಿನ ದೃಶ್ಯವನ್ನು ಜನರ ಕಣ್ಣಿಗೆ ಕಾಣುವಂತೆ ಮಾಡಿದರು. ಬಡವರ ಕೊಟ್ಟಿಗೆಯನ್ನು ನೆನಪಿಸುವ ಗೋದಲಿಗೆ ದುಬಾರಿ ಗೊಂಬೆಯೇ ಬೇಕೆಂದಿಲ್ಲ. ಮರಿಯ, ಜೋಸೆಫ್, ಬಾಲಯೇಸು, ಕುರುಬ, ಒಂದು ಕುರಿ: ಐದು ಗೊಂಬೆಗಳ ಒಂದು ಸೆಟ್ಟನ್ನು ದರ್ಜಿಯ ಬಳಿ ಉಳಿದ ತುಂಡು ಬಟ್ಟೆಯಲ್ಲೇ ಹೊಲಿಯಬಹುದು.

ಇಲ್ಲಿಯೂ ಎಚ್ಚರ ಬೇಕು. "ಬಟ್ಟೆ ಪುಕ್ಕಟೆ, 200 ಸಿಕ್ಕಿದ್ದೇ ಲಾಭ" ಅಂತ ಅನಿಸುತ್ತದೆ. ಹತ್ತಿ, ನೂಲು, ಲೇಸಿಗೆ 60 ರೂ. ಆಯಿತು, ಹೊಲಿಯಲು 5 ಗಂಟೆ ಹೋಯಿತು ಅಂತಿಟ್ಟುಕೊಳ್ಳಿ. ಗಂಟೆಗೆ ಸಿಕ್ಕಿದ್ದು 28 ರೂ. 60ರ ಕೂಲಿ ಹಿಡಿದರೆ ಸೆಟ್ಟಿನ ಅಸಲೇ 360 ರೂ.

ಗೋದಲಿಯ ಸುತ್ತ ಇಡುವ ಹಸಿರು ಪೈರನ್ನೂ ಮಾರಬಹುದು. ಡಿಸೆಂಬರ್ ಎರಡನೇ ವಾರ ಚಿಕ್ಕ ಬಟ್ಟಲುಗಳಲ್ಲಿ ಭತ್ತ ಅಥವಾ ರಾಗಿ ಬಿತ್ತಿದರೆ ಹಬ್ಬಕ್ಕೆ ತಯಾರಾಗುತ್ತದೆ. ಇದಕ್ಕೆ ಕೆಲಸ ತೀರಾ ಕಡಿಮೆ.

4. ಗೊತ್ತಿರಬೇಕಾದ ನಿಯಮ

ತಿಂಡಿ ತಯಾರಿಸಿ ಮಾರುವವರು, ಮನೆಯಲ್ಲೇ ಮಾಡಿದರೂ, 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ನೋಂದಣಿ ಮಾಡಿಸಬೇಕು. ಪ್ಯಾಕೆಟ್ ಮೇಲೆ ತಿಂಡಿಯ ಹೆಸರು, ಹಾಕಿದ ಸಾಮಾನು, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಸಂಘದ ವಿಳಾಸ, ನೋಂದಣಿ ಸಂಖ್ಯೆ ಬರೆಯಿರಿ. ಮೊಟ್ಟೆ ಹಾಕಿದ ಕೇಕಿಗೆ ಹಸಿರು ಗುರುತು ಹಾಕುವಂತಿಲ್ಲ.

ಮಕ್ಕಳು ಆಡುವ ಗೊಂಬೆಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯ ಮಾಡಲಾಗಿದೆ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಗೊಂಬೆಗೆ ವಿನಾಯಿತಿ ಕೊಡಲಾಗಿದೆ. ಚಿಕ್ಕ ಮಕ್ಕಳ ಗೊಂಬೆಗೆ ಗುಂಡಿಯ ಕಣ್ಣು ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ತಾರೆ. ನೂಲಿನಲ್ಲೇ ಕಣ್ಣು ಹೊಲಿಯಿರಿ.

5. ಹಣ ಹಂಚುವ ಕ್ರಮ

ಯಾರು ಯಾವ ದಿನ ಎಷ್ಟು ಗಂಟೆ ದುಡಿದರು ಎಂದು ಅಂದಂದೇ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಹಣ ಬಂದ ಮೇಲೆ ಮೊದಲು ಸಂಘದಿಂದ ತೆಗೆದ ಬಂಡವಾಳ ವಾಪಸ್, ಆಮೇಲೆ ಗಂಟೆಯಂತೆ ಕೂಲಿ, ಉಳಿದದ್ದು ಸಂಘದ ಲಾಭ. ಮೂರು ದಿನ ಬಂದವಳಿಗೂ ಆರು ದಿನ ಬಂದವಳಿಗೂ ಸಮ ಹಂಚಿದರೆ ಮುಂದಿನ ವರ್ಷ ಸಂಘದಲ್ಲಿ ಜಗಳ ಖಂಡಿತ.

ಒಲೆಯ ಮುಂದೆ ಕೂತ ಗಂಟೆಗಳಿಗೆ ಬೆಲೆ ಉಂಟು ಅಂತ ಮೊದಲು ನಾವು ನಂಬಬೇಕು. ಆಮೇಲೆ ಮನೆಯವರೂ ಗಿರಾಕಿಯೂ ನಂಬುತ್ತಾರೆ. ನೆರೆಮನೆಯ ತಟ್ಟೆ ಎಂದಿನಂತೆ ಪುಕ್ಕಟೆಯೇ ಹೋಗಲಿ.

ಸಭೆಯಲ್ಲಿ ಚರ್ಚಿಸಿರಿ:

1. ಕಳೆದ ಹಬ್ಬದಲ್ಲಿ ನಾವು ಮಾರಿದ ಒಂದು ತಿಂಡಿಯಿಂದ ಗಂಟೆಗೆ ಎಷ್ಟು ಸಿಕ್ಕಿತ್ತು?
2. ನಮ್ಮ ಊರಿನಲ್ಲಿ ಒಂದು ಗಂಟೆಯ ಕೆಲಸಕ್ಕೆ ಎಷ್ಟು ಕೂಲಿ ಹಿಡಿಯೋಣ?
3. ಆ ವಾರ ಮನೆಯ ಅಡುಗೆ, ನೀರು, ಮಕ್ಕಳ ಕೆಲಸವನ್ನು ಮನೆಯಲ್ಲಿ ಯಾರು ಹಂಚಿಕೊಳ್ಳುತ್ತಾರೆ?