ಸ್ವಯಂಸೇವಾ ಸುಗಮಕಾರರ ತರಬೇತಿ: ಅನುಭವಿ ವರ್ತಕರು ಬೋಧಕರಾಗುವ ಬಗೆ

ಸ್ವಂತ ಉದ್ಯೋಗ ಆರಂಭಿಸಬೇಕೆಂಬ ಹಂಬಲವುಳ್ಳ ಯುವಕ-ಯುವತಿಯರು ಹಾಗೂ ಸ್ವಸಹಾಯ ಸಂಘಗಳ ಸದಸ್ಯೆಯರು ಮಾರ್ಗದರ್ಶನಕ್ಕಾಗಿ ಅರಸುವುದು ತಮ್ಮ ಊರಿನಲ್ಲಿಯೇ ವ್ಯಾಪಾರದಲ್ಲಿ ನೆಲೆಯೂರಿದವರನ್ನು. ವಾಣಿಜ್ಯೋದ್ಯಮ ಸಂಸ್ಥೆಗಳ ಸದಸ್ಯರು ಇಂತಹ ಮಾರ್ಗದರ್ಶನಕ್ಕೆ ಸದಾ ಸಿದ್ಧರಿರುವುದು ಸಂತೋಷದ ವಿಷಯ. ಆದರೆ ಮೂವತ್ತು ವರ್ಷ ಅಂಗಡಿ ನಡೆಸಿದ ಅನುಭವ ಬೇರೆ, ಆ ಅನುಭವದ ಸಾರವನ್ನು ಇನ್ನೊಬ್ಬರು ಸ್ವತಃ ಕಂಡುಕೊಳ್ಳುವಂತೆ ಮಾಡುವ ಕೌಶಲ ಬೇರೆ. ಉದ್ಘಾಟನೆ, ಯಶೋಗಾಥೆ, ಸರ್ಕಾರಿ ಯೋಜನೆಗಳ ಪಟ್ಟಿ, ಕೊನೆಯಲ್ಲಿ ಪ್ರಮಾಣಪತ್ರ, ಇಷ್ಟಕ್ಕೇ ಮುಗಿಯುವ ಕಾರ್ಯಾಗಾರದಿಂದ ಶಿಬಿರಾರ್ಥಿಯು ಉತ್ಸಾಹವನ್ನು ಹೊತ್ತು ಮನೆಗೆ ಮರಳುತ್ತಾನೆ, ಲೆಕ್ಕವನ್ನಲ್ಲ. ಆ ಉತ್ಸಾಹದಲ್ಲಿ ಮಾಡಿದ ಸಾಲವನ್ನು ತೀರಿಸಬೇಕಾದವರು ಮಾತ್ರ ಅವನ ಮನೆಯವರು. ಆದುದರಿಂದ ಬೋಧಿಸಲು ಮುಂದಾಗುವ ಸದಸ್ಯರಿಗೇ ಮೊದಲು ತರಬೇತಿ ನೀಡುವುದು ಅತ್ಯಗತ್ಯ.

ಹಿನ್ನೆಲೆ

ಉದ್ಯಮಶೀಲತೆಯನ್ನು ಕಲಿಸಬಹುದೇ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರ ಹುಡುಕಿದ ಮೊದಲ ಪ್ರಮುಖ ಪ್ರಯತ್ನ ಆಂಧ್ರಪ್ರದೇಶದ ಕಾಕಿನಾಡದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರು 1964ರಲ್ಲಿ ಹೈದರಾಬಾದಿನ ಸಣ್ಣ ಕೈಗಾರಿಕಾ ವಿಸ್ತರಣಾ ತರಬೇತಿ ಸಂಸ್ಥೆಯೊಡನೆ ಸೇರಿ, ಆ ಪಟ್ಟಣದ ವ್ಯಾಪಾರಿಗಳಿಗೆ ಸಾಧನಾ ಪ್ರೇರಣೆಯ ತರಬೇತಿಯನ್ನು ಆರಂಭಿಸಿದರು. ತರಬೇತಿ ಪಡೆದವರು ಪಡೆಯದವರಿಗಿಂತ ತಮ್ಮ ವ್ಯವಹಾರದಲ್ಲಿ ಹೆಚ್ಚು ಚುರುಕಾದರೆಂದು 1969ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಅಲ್ಲಿ ಭಾಷಣಕ್ಕಿಂತ ಆಟ, ಚರ್ಚೆ ಮತ್ತು ಆತ್ಮಾವಲೋಕನಗಳಿಗೆ ಪ್ರಾಧಾನ್ಯವಿತ್ತೆಂಬುದನ್ನು ಗಮನಿಸಬೇಕು.

ಕರ್ನಾಟಕದಲ್ಲಿ 1982ರಲ್ಲಿ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಸಹಯೋಗದಿಂದ ರುಡ್‌ಸೆಟ್ ಸಂಸ್ಥೆ ಸ್ಥಾಪನೆಗೊಂಡಿತು. ಅದೇ ಮಾದರಿಯನ್ನು ಅನುಸರಿಸಿ ಕೇಂದ್ರ ಸರ್ಕಾರವು 2009ರಿಂದ ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ತೆರೆಸಿತು. ತರಬೇತಿಯ ನಂತರ ಎರಡು ವರ್ಷಗಳ ಕಾಲ ಅಭ್ಯರ್ಥಿಯ ಬೆನ್ನಿಗೆ ನಿಲ್ಲುವುದು ಈ ಮಾದರಿಯ ಮುಖ್ಯ ಲಕ್ಷಣ. ಸ್ವಯಂಸೇವಾ ಸುಗಮಕಾರನು ಇವುಗಳಿಗೆ ಪರ್ಯಾಯವಲ್ಲ, ಪೂರಕ. ಆ ಸಂಸ್ಥೆಗಳ ಬಾಗಿಲಿಗೆ ಹೋಗಲು ಇನ್ನೂ ಹಿಂಜರಿಯುವವರಿಗೆ ಹೋಬಳಿ ಮಟ್ಟದಲ್ಲಿ ಮೊದಲ ಪಾಠ ಹೇಳುವುದೇ ಆತನ ಕೆಲಸ.

ಆಯ್ಕೆ

ಅತಿ ದೊಡ್ಡ ವಹಿವಾಟು ಉಳ್ಳವರೇ ಉತ್ತಮ ಸುಗಮಕಾರರಾಗುತ್ತಾರೆಂಬ ನಿಯಮವಿಲ್ಲ. ಆಯ್ಕೆಯಲ್ಲಿ ಮೂರು ಗುಣಗಳನ್ನು ನೋಡಬೇಕು. ಒಂದು, ತಾನು ಕಂಡ ನಷ್ಟವನ್ನು ಸಂಕೋಚವಿಲ್ಲದೆ ಹೇಳಬಲ್ಲ ಮನೋಭಾವ. ಎರಡು, ಎದುರಿನವರು ಯೋಚಿಸುವವರೆಗೆ ಮೌನವಾಗಿರಬಲ್ಲ ತಾಳ್ಮೆ. ಮೂರು, ವರ್ಷಕ್ಕೆ ಕನಿಷ್ಠ ಎರಡು ಕಾರ್ಯಾಗಾರಗಳಿಗೂ ಅವುಗಳ ಅನುಸರಣೆಗೂ ಸಮಯ ಕೊಡುವ ಬದ್ಧತೆ. ಮಹಿಳಾ ಶಿಬಿರಾರ್ಥಿಗಳು ಹೆಚ್ಚಾಗಿರುವಲ್ಲಿ ಮಹಿಳಾ ಉದ್ಯಮಿಯೊಬ್ಬರು ಜೊತೆಗಿರುವುದು ಒಳಿತು.

ಮೂರು ದಿನಗಳ ತರಬೇತಿ

ಮೊದಲ ದಿನ ಸುಗಮಕಾರರು ತಾವೇ ಶಿಬಿರಾರ್ಥಿಗಳಾಗಿ ಕುಳಿತು ಕಾರ್ಯಾಗಾರವನ್ನು ಅನುಭವಿಸಬೇಕು. ಇದಕ್ಕೆ ರಿಂಗ್ ಎಸೆತದ ಆಟ ಉತ್ತಮ ಸಾಧನ. ನೆಲದಲ್ಲಿ ಒಂದು ಗೂಟ ನೆಟ್ಟು, ಎಷ್ಟು ದೂರದಿಂದ ಎಸೆಯಬೇಕೆಂಬ ನಿರ್ಧಾರವನ್ನು ಆಟಗಾರನಿಗೇ ಬಿಡಲಾಗುತ್ತದೆ. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಕೆಲವರು ಗೂಟದ ಪಕ್ಕದಲ್ಲೇ ನಿಲ್ಲುತ್ತಾರೆ, ಕೆಲವರು ಅದೃಷ್ಟವನ್ನೇ ನಂಬಿ ಬಹು ದೂರ ಹೋಗುತ್ತಾರೆ. ತಮ್ಮ ಶಕ್ತಿಯನ್ನು ಅಳೆದು ನಡುವಿನ ದೂರ ಆರಿಸಿಕೊಳ್ಳುವವರಲ್ಲಿ ಸಾಧನಾ ಪ್ರೇರಣೆ ಹೆಚ್ಚೆಂಬುದು ಮೆಕ್‌ಕ್ಲೆಲೆಂಡ್ ಅವರ ಪ್ರತಿಪಾದನೆ.

ಆಟ ಆಡಿಸುವುದು ಸುಲಭ. ಆಟದ ನಂತರದ ಅರ್ಧ ಗಂಟೆಯೇ ಕಠಿಣ. ಅಲ್ಲಿ ಸುಗಮಕಾರನು ಮೂರು ಪ್ರಶ್ನೆಗಳನ್ನಷ್ಟೇ ಕೇಳಬೇಕು: ಏನಾಯಿತು? ಆ ಜಾಗದಲ್ಲಿಯೇ ಏಕೆ ನಿಂತಿರಿ? ನಿಮ್ಮ ವ್ಯಾಪಾರದಲ್ಲಿಯೂ ಹೀಗೆಯೇ ನಿಲ್ಲುತ್ತೀರಾ? ಉತ್ತರ ಬರುವ ಮೊದಲೇ ತನ್ನ ಅಭಿಪ್ರಾಯ ಹೇಳಿಬಿಟ್ಟರೆ ಪಾಠ ಕೆಟ್ಟಂತೆಯೇ.

ಎರಡನೆಯ ದಿನ ಪ್ರತಿಯೊಬ್ಬರೂ ಇಪ್ಪತ್ತು ನಿಮಿಷಗಳ ಒಂದು ಪಾಠವನ್ನು ಸಹೋದ್ಯೋಗಿಗಳ ಮುಂದೆ ನಡೆಸಬೇಕು. ಬೋಧಕನು ಎಷ್ಟು ನಿಮಿಷ ಮಾತನಾಡಿದ, ಶಿಬಿರಾರ್ಥಿಗಳು ಎಷ್ಟು ನಿಮಿಷ ಮಾತನಾಡಿದರು ಎಂಬುದನ್ನು ಒಬ್ಬರು ಗಡಿಯಾರ ಹಿಡಿದು ಬರೆದಿಡಬೇಕು. ಈ ಒಂದು ಲೆಕ್ಕವೇ ಅನೇಕರ ಕಣ್ಣು ತೆರೆಸುತ್ತದೆ. ಮೂರನೆಯ ದಿನ ಲೆಕ್ಕದ ಪಾಠಕ್ಕೆ ಮೀಸಲು. ಅನಂತರ ಎರಡು ಕಾರ್ಯಾಗಾರಗಳಲ್ಲಿ ಹಿರಿಯ ಸುಗಮಕಾರರೊಡನೆ ಸಹಾಯಕರಾಗಿ ದುಡಿದ ಮೇಲೆಯೇ ಸ್ವತಂತ್ರ ಹೊಣೆ ವಹಿಸುವುದು ಸೂಕ್ತ.

ಲೆಕ್ಕದ ಪಾಠ: ಒಂದು ಉದಾಹರಣೆ

ಜೋಳದ ರೊಟ್ಟಿ ಮಾಡಿ ಮಾರುವ ಮಹಿಳೆಯೊಬ್ಬರು ಯಂತ್ರ ಕೊಳ್ಳಲು ಸಾಲ ಬಯಸಿ ಬಂದಿದ್ದಾರೆಂದು ಊಹಿಸೋಣ. ದಿನಕ್ಕೆ 200 ರೊಟ್ಟಿ, ಅಂಗಡಿಗೆ ಕೊಡುವ ದರ 6 ರೂ., ಒಟ್ಟು 1,200 ರೂ. ಹಿಟ್ಟು 650, ಉರುವಲು 120, ಪ್ಯಾಕಿಂಗ್ 60, ಒಟ್ಟು 830 ರೂ. ಖರ್ಚು ಕಳೆದು ತಮಗೆ 370 ರೂ. ಲಾಭವಿದೆಯೆಂದು ಅವರು ಹೇಳುತ್ತಾರೆ.

ಸುಗಮಕಾರನು ಇದನ್ನು ಅಲ್ಲಗಳೆಯಬಾರದು. "ಅಂಗಡಿಗೆ ಒಯ್ಯುವ ಖರ್ಚನ್ನು ಎಲ್ಲಿ ಬರೆದಿದ್ದೀರಿ?" ಎಂದು ಕೇಳಬೇಕು. ಸಾಗಣೆಗೆ 50 ರೂ. ಎಂಬ ಉತ್ತರ ಬರುತ್ತದೆ. "ಮುರಿದ ರೊಟ್ಟಿಗೆ ಅಂಗಡಿಯವರು ಹಣ ಕೊಡುತ್ತಾರೆಯೇ?" ಎಂದರೆ, ದಿನಕ್ಕೆ ಹತ್ತು ರೊಟ್ಟಿ ಮರಳಿ ಬರುವುದು ನೆನಪಾಗುತ್ತದೆ, ಅದು 60 ರೂ. ಉಳಿಯುವುದು 260 ರೂ. "ಎಷ್ಟು ಜನ, ಎಷ್ಟು ಗಂಟೆ ದುಡಿಯುತ್ತೀರಿ?" ಅತ್ತೆ-ಸೊಸೆ ಇಬ್ಬರೂ ಐದೈದು ಗಂಟೆ. ಅಂದರೆ ಗಂಟೆಗೆ 26 ರೂ. ಮಾತ್ರ.

ಇನ್ನು ಉದ್ರಿ. ಅಂಗಡಿಯವರು ಹದಿನೈದು ದಿನಗಳಿಗೊಮ್ಮೆ ಹಣ ಕೊಡುವುದಾದರೆ ದಿನದ ನಗದು ಖರ್ಚು 880 ರೂ.ಗಳಂತೆ 13,200 ರೂ. ಸದಾ ಹೊರಗೇ ಸಿಲುಕಿರುತ್ತದೆ. ಯಂತ್ರ ಕೊಂಡು ಉತ್ಪಾದನೆ ಎರಡರಷ್ಟಾದರೆ ಈ ಮೊತ್ತವೂ ಹೆಚ್ಚುಕಡಿಮೆ ಎರಡರಷ್ಟಾಗಿ, ಅದರ ಮೇಲೆ ಸಾಲದ ಕಂತು ಸೇರುತ್ತದೆ. ಅದರ ಬದಲು ದರವನ್ನು 7 ರೂ.ಗೆ ಏರಿಸಲು ಸಾಧ್ಯವಾದರೆ, ಮಾರಾಟವಾಗುವ 190 ರೊಟ್ಟಿಗಳಿಂದ ಉಳಿತಾಯ 450 ರೂ., ಅಂದರೆ ಗಂಟೆಗೆ 45 ರೂ. ಆಗುತ್ತದೆ. ಮೊದಲು ಬೇಕಾದದ್ದು ಯಂತ್ರವೋ, ದರವೋ, ಉದ್ರಿಯ ಕಡಿತವೋ? ಈ ತೀರ್ಮಾನವನ್ನು ಆ ಮಹಿಳೆಯೇ ಮಾಡಬೇಕು. ತಾನೇ ಕೂಡಿ ಕಳೆದು ಕಂಡ ಅಂಕಿಯನ್ನು ಯಾರೂ ಬೇಗ ಮರೆಯುವುದಿಲ್ಲ.

ಮೀರಬಾರದ ಮಿತಿಗಳು

ವರ್ತಕರು ಬೋಧಕರಾದಾಗ ಒಂದು ಸೂಕ್ಷ್ಮ ಸಮಸ್ಯೆ ಎದುರಾಗುತ್ತದೆ. ಶಿಬಿರಾರ್ಥಿಯು ನಾಳೆ ಅವರ ಗಿರಾಕಿಯಾಗಬಹುದು, ಪ್ರತಿಸ್ಪರ್ಧಿಯೂ ಆಗಬಹುದು. ಆದ್ದರಿಂದ ಪ್ರತಿಯೊಬ್ಬ ಸುಗಮಕಾರನಿಂದ ಲಿಖಿತ ಒಪ್ಪಿಗೆ ಪಡೆಯಬೇಕಾದ ಅಂಶಗಳು ಹೀಗಿವೆ:

1. ತನ್ನ ಸರಕನ್ನಾಗಲಿ ಯಂತ್ರವನ್ನಾಗಲಿ ಶಿಬಿರಾರ್ಥಿಗಳಿಗೆ ಮಾರತಕ್ಕದ್ದಲ್ಲ.
2. ಕೈಸಾಲ ಕೊಡತಕ್ಕದ್ದಲ್ಲ, ಸಾಲಕ್ಕೆ ಜಾಮೀನು ನಿಲ್ಲತಕ್ಕದ್ದಲ್ಲ.
3. ಸಾಲ ಅಥವಾ ಸಹಾಯಧನ ದೊರಕುವುದೆಂದು ಭರವಸೆ ನೀಡತಕ್ಕದ್ದಲ್ಲ.
4. ಶಿಬಿರದಲ್ಲಿ ತಿಳಿದ ವ್ಯವಹಾರದ ಗುಟ್ಟನ್ನು ಹೊರಗೆ ಹೇಳತಕ್ಕದ್ದಲ್ಲ.

ಇವುಗಳಲ್ಲಿ ಒಂದು ತಪ್ಪಿದರೂ ಹಾಳಾಗುವುದು ಒಬ್ಬರ ಹೆಸರಲ್ಲ, ಇಡೀ ಸಂಸ್ಥೆಯ ಮೇಲಿನ ವಿಶ್ವಾಸ.

ಅನುಸರಣೆ

ಕಾರ್ಯಾಗಾರದ ಫಲವನ್ನು ಹಾಜರಿ ಪುಸ್ತಕದಿಂದ ಅಳೆಯಲಾಗದು. ಒಂದು, ಮೂರು ಹಾಗೂ ಆರನೆಯ ತಿಂಗಳಲ್ಲಿ ಸುಗಮಕಾರನು ಶಿಬಿರಾರ್ಥಿಯನ್ನು ಕಂಡು, ಕಿರ್ದಿ ಬರೆಯುತ್ತಿದ್ದಾರೆಯೇ, ಮನೆಯ ಹಣ ಮತ್ತು ವ್ಯಾಪಾರದ ಹಣ ಬೇರೆಯಾಗಿವೆಯೇ, ಉದ್ರಿ ಎಷ್ಟಿದೆ ಎಂಬುದನ್ನು ವಿಚಾರಿಸಬೇಕು. ಲೆಕ್ಕ ಹಾಕಿದ ಮೇಲೆ ಉದ್ಯಮವನ್ನು ಸದ್ಯಕ್ಕೆ ಮುಂದೂಡಿದವರನ್ನೂ ಯಶಸ್ಸಿನ ಪಟ್ಟಿಯಲ್ಲಿಯೇ ಸೇರಿಸಬೇಕು. ಒಂದು ಕುಟುಂಬ ಸಾಲದಿಂದ ಪಾರಾದದ್ದು ಸಣ್ಣ ಸಾಧನೆಯಲ್ಲ.

ಸದಸ್ಯ ಬಾಂಧವರು ಈ ಸೇವೆಗೆ ಮುಂದಾಗುವ ಮುನ್ನ ಒಂದು ಸರಳ ಅಭ್ಯಾಸ ಮಾಡಿ ನೋಡಬಹುದು. ತಮ್ಮ ಅಂಗಡಿಯ ಅಥವಾ ಕಾರ್ಖಾನೆಯ ಕಿರಿಯ ನೌಕರನೊಬ್ಬನಿಗೆ ಒಂದು ಸರಕಿನ ನಿಜವಾದ ಅಸಲನ್ನು, ಉತ್ತರ ಹೇಳಿಕೊಡದೆ, ಪ್ರಶ್ನೆಗಳ ಮೂಲಕವೇ ಕಂಡುಹಿಡಿಸಲು ಪ್ರಯತ್ನಿಸಲಿ. ಅದು ಸಾಧ್ಯವಾದರೆ ಸುಗಮಕಾರನಿಗೆ ಬೇಕಾದ ಮೊದಲ ಪಾಠವನ್ನು ಅವರು ಕಲಿತಂತೆಯೇ ಸರಿ.