ಯಾವ ಹೊತ್ತಿನ ಲೆಕ್ಕ? ಎಐ ಸಹಾಯಕ ಮತ್ತು ಮಳೆನೀರಿನ ಮಾಪಕ

ಅಕೌಂಟೆನ್ಸಿಯಲ್ಲಿ ಬ್ಯಾಲೆನ್ಸ್ ಶೀಟ್ ಬರೆಯುವಾಗ ಮೇಲೆ ‘ಮಾರ್ಚ್ 31ಕ್ಕೆ ಇದ್ದಂತೆ’ ಎಂದು ಬರೆಯುವುದನ್ನು ಮರೆತರೆ ನಮ್ಮ ಮೇಡಂ ಅರ್ಧ ಅಂಕ ಕಳೆಯುತ್ತಾರೆ. ಲೆಕ್ಕವೆಲ್ಲ ಸರಿಯಾಗಿದ್ದರೂ ಒಂದು ದಿನಾಂಕಕ್ಕೆ ಅರ್ಧ ಅಂಕವೇ ಎಂದು ನಾವು ಗೊಣಗುತ್ತಿದ್ದೆವು. ಆ ದಿನಾಂಕದ ಬೆಲೆ ಎಷ್ಟೆಂದು ನನಗೆ ಅರ್ಥವಾದದ್ದು ಅಬ್ಬಾ ಅವರ ಅಂಗಡಿಯಲ್ಲಿ. ಮಳೆ ಮತ್ತು ಪ್ರವಾಹದ ತಾಜಾ ಅಂಕಿಗಳನ್ನು ಎಐ ಸಹಾಯಕಕ್ಕೆ ಹೇಗೆ ಜೋಡಿಸುತ್ತಾರೆ, ಜೋಡಿಸಿದ ಮೇಲೂ ನಾವು ಏನನ್ನು ಪರೀಕ್ಷಿಸಬೇಕು ಎಂಬುದನ್ನು ನಾನು ಕಲಿತಷ್ಟು ಇಲ್ಲಿ ಬರೆಯುತ್ತೇನೆ.

ಆ ಭಾನುವಾರ

ಬಿಟಿಎಂ ಲೇಔಟ್ ಪಕ್ಕದ ಗುರಪ್ಪನಪಾಳ್ಯದಲ್ಲಿ ಅಬ್ಬಾ ಅವರದು ಹಾಸಿಗೆ, ದಿಂಬು, ರಜಾಯಿ ಮಾಡಿಕೊಡುವ ಅಂಗಡಿ. ಹತ್ತಿ ಮೂಟೆಗಳನ್ನೂ ಬಟ್ಟೆಯ ಥಾನುಗಳನ್ನೂ ಇಡುವುದು ಕೆಳಗಿನ ಬೇಸ್‌ಮೆಂಟ್‌ನಲ್ಲಿ. 2025ರ ಮೇ 18ರ ಸಂಜೆ ಮೋಡ ಕಟ್ಟಿತ್ತು. ಮೂಟೆಗಳನ್ನು ಮೇಲೆ ತರಿಸಬೇಕೆಂದರೆ ಇಬ್ಬರನ್ನು ಕರೆಸಿ ಕೂಲಿ ಕೊಡಬೇಕು. ಅಬ್ಬಾ ಯೋಚಿಸುತ್ತಾ ಕುಳಿತಿದ್ದರು. ನಾನು ಫೋನ್ ತೆಗೆದು ಎಐ ಸಹಾಯಕವನ್ನು ಕೇಳಿದೆ: ಇವತ್ತು ರಾತ್ರಿ ಬಿಟಿಎಂ ಕಡೆ ನೀರು ನುಗ್ಗುತ್ತದೆಯೇ?

ಹಗುರದಿಂದ ಸಾಧಾರಣ ಮಳೆಯಾಗಬಹುದು, ಈ ಭಾಗದಲ್ಲಿ ಚರಂಡಿ ಕಾಮಗಾರಿ ನಡೆದಿದೆ, ಗಾಬರಿ ಬೇಡ ಎಂದು ಉತ್ತರ ಬಂತು. ನಾನು ಅದನ್ನು ಉರ್ದುವಿನಲ್ಲಿ ಓದಿ ಹೇಳಿದೆ. ಅಬ್ಬಾ ಒಂದೇ ಪ್ರಶ್ನೆ ಕೇಳಿದರು: “ಯೇ ಕಬ್ ಕೀ ಬಾತ್ ಹೈ, ಬೇಟಾ?” ಇದು ಯಾವಾಗಿನ ಮಾತು ಎಂದು. “ಈಗಿನದೇ ಅಬ್ಬಾ” ಎಂದುಬಿಟ್ಟೆ. ಉತ್ತರದಲ್ಲಿ ಹೊತ್ತೂ ಇರಲಿಲ್ಲ, ತಾರೀಖೂ ಇರಲಿಲ್ಲ. ನಾನು ನೋಡಿರಲೇ ಇಲ್ಲ.

ಆ ರಾತ್ರಿ ನಗರದ ಹಲವು ಕಡೆ ಮಳೆ 100 ಮಿಲಿಮೀಟರ್ ದಾಟಿತು. ಬೆಳಿಗ್ಗೆ ಬೇಸ್‌ಮೆಂಟ್‌ನಲ್ಲಿ ಮೊಣಕಾಲು ಮಟ್ಟ ನೀರು. ಹನ್ನೊಂದು ಮೂಟೆ ಹತ್ತಿ ಹಾಳಾಯಿತು. ನೆನೆದ ಹತ್ತಿ ಒಣಗಿದರೂ ವಾಸನೆ ಹೋಗುವುದಿಲ್ಲ. ಅಬ್ಬಾ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಪಂಪಿನ ವೈರು ಹಿಡಿದು ತಾವೇ ನೀರಿಗೆ ಇಳಿದರು. ಅದೇ ಸೋಮವಾರ ಬಿಟಿಎಂ ಎರಡನೇ ಹಂತದ ಅಪಾರ್ಟ್‌ಮೆಂಟ್ ಒಂದರಲ್ಲಿ ಬೇಸ್‌ಮೆಂಟ್ ನೀರನ್ನು ಪಂಪಿನಿಂದ ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ತೀರಿಕೊಂಡರು. ಒಬ್ಬರು ಹಿರಿಯರು, ಇನ್ನೊಬ್ಬ ಬಾಲಕ. ಆ ಸುದ್ದಿ ಕೇಳಿದ ಮೇಲೆ ಅಮ್ಮಿ ಹತ್ತಿಯ ಮಾತನ್ನೇ ಎತ್ತಲಿಲ್ಲ.

ಮುಚ್ಚಿದ ಲೆಡ್ಜರ್

ಎಐ ಸಹಾಯಕ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅದು ಒಂದು ದಿನಾಂಕದವರೆಗಿನ ಬರಹಗಳನ್ನು ಓದಿ ತಯಾರಾದದ್ದು. ಆ ದಿನಾಂಕಕ್ಕೆ ಅದರ ಲೆಡ್ಜರ್ ಮುಚ್ಚಿರುತ್ತದೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಸುರಿದು, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 133 ವರ್ಷಗಳ ದಾಖಲೆ ಮುರಿಯಿತು ಎಂದು ಅದು ಹೇಳಬಲ್ಲದು. ಅದು ಹಳೆಯ ವರ್ಷದ ಬ್ಯಾಲೆನ್ಸ್ ಶೀಟ್ ಇದ್ದಂತೆ. ಈ ಸಂಜೆ ಏಳು ಗಂಟೆಗೆ ಕಾಲುವೆಯಲ್ಲಿ ಎಷ್ಟು ನೀರಿದೆ ಎಂಬುದು ಇವತ್ತಿನ ಕ್ಯಾಶ್ ಬುಕ್. ಅದನ್ನು ಯಾರಾದರೂ ತೆರೆದು ತೋರಿಸಿದರೆ ಮಾತ್ರ ಸಹಾಯಕಕ್ಕೆ ಕಾಣುತ್ತದೆ. ತೋರಿಸದಿದ್ದರೂ ಅದರ ಮಾತಿನ ಧಾಟಿ ಬದಲಾಗುವುದಿಲ್ಲ. ನಾನು ಮೋಸ ಹೋದದ್ದು ಆ ಧಾಟಿಗೆ.

ನಮ್ಮ ಮಳೆಯ ಕ್ಯಾಶ್ ಬುಕ್ ಎಲ್ಲಿದೆ?

ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಶುರುವಾದ ಘಟಕ ಇಂದು ಮಳೆ, ಪ್ರವಾಹ, ಸಿಡಿಲು ಎಲ್ಲವನ್ನೂ ನೋಡುತ್ತದೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅದರ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆ ಮಾಪಕಗಳಿವೆ, ಬೆಂಗಳೂರಿನೊಳಗೂ ಇವೆ. ಸೌರಶಕ್ತಿಯಿಂದ ನಡೆಯುವ ಈ ಮಾಪಕಗಳು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಅಂಕಿ ಕಳುಹಿಸುತ್ತವೆ. ನಗರದ ಕೆಲವು ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳೂ ಇವೆ. ಈ ಕೇಂದ್ರ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ ‘ಬೆಂಗಳೂರು ಮೇಘ ಸಂದೇಶ’ ಆ್ಯಪ್ 2020ರಲ್ಲಿ ಬಂತು. ನಿಮ್ಮ ಪ್ರದೇಶದ ಮಳೆ ಮತ್ತು ಪ್ರವಾಹದ ಮಾಹಿತಿ ಅದರಲ್ಲಿ ಸಿಗುತ್ತದೆ.

ಮಿಲಿಮೀಟರ್ ಎಂದರೆ ಎಷ್ಟು ನೀರು? ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ 1 ಲೀಟರ್. ನಮ್ಮ ಕಡೆಯ 30–40 ಸೈಟು ಎಂದರೆ 1,200 ಚದರ ಅಡಿ, ಸುಮಾರು 111.5 ಚದರ ಮೀಟರ್. 2024ರ ಜೂನ್ 2ರ 111.1 ಮಿಲಿಮೀಟರ್ ಮಳೆಯನ್ನು ಇದಕ್ಕೆ ಗುಣಿಸಿದರೆ ಸುಮಾರು 12,400 ಲೀಟರ್. ಅಂದರೆ ಒಂದೊಂದು ಸೈಟಿನ ಮೇಲೂ ಒಂದೊಂದು ದೊಡ್ಡ ಟ್ಯಾಂಕರ್ ನೀರು ಸುರಿದಂತೆ. ಅದೇ ವರ್ಷ ಬೇಸಿಗೆಯಲ್ಲಿ ನಾವು ಟ್ಯಾಂಕರಿಗಾಗಿ ಕಾದು ನಿಂತದ್ದು ನೆನಪಿದೆಯಲ್ಲವೇ?

ಬೆಂಗಳೂರು ನಿಂತಿರುವುದು ಎತ್ತರದ ದಿಣ್ಣೆಯ ಮೇಲೆ. ಊರ ನಡುವೆ ದೊಡ್ಡ ನದಿ ಹರಿಯುವುದಿಲ್ಲ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ, ಅರ್ಕಾವತಿ ಮೂಲಕ ಕಾವೇರಿಗೆ ಹೋಗುತ್ತದೆ. ಬಿಟಿಎಂ ಬದಿಯ ಮಡಿವಾಳ ಕೆರೆಯ ನೀರು ಅಗರ, ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿ ಸೇರುತ್ತದೆ. ಕೆರೆಯಿಂದ ಕೆರೆಗೆ ಈ ನೀರನ್ನು ಒಯ್ಯುವುದೇ ರಾಜಕಾಲುವೆ. ನಮಗೆ ರಾಜಕಾಲುವೆಯೇ ನದಿ.

ಜೋಡಣೆ ಹೇಗೆ?

ಬ್ಯಾಂಕಿನಲ್ಲಿ ಚಲನ್ ತುಂಬಿ ಕೌಂಟರಿಗೆ ಕೊಡುತ್ತೇವೆ. ಖಾತೆ ಸಂಖ್ಯೆ ಇಂತಹ ಜಾಗದಲ್ಲಿ, ಮೊತ್ತ ಇಂತಹ ಜಾಗದಲ್ಲಿ ಎಂಬ ನಿಯಮವಿದೆ. ಉತ್ತರವೂ ನಿಗದಿತ ರೂಪದಲ್ಲೇ ಬರುತ್ತದೆ. ಒಂದು ಪ್ರೋಗ್ರಾಮ್ ಇನ್ನೊಂದರಿಂದ ಹೀಗೆ ಮಾಹಿತಿ ಕೇಳುವ ಕೌಂಟರಿಗೆ ಎಪಿಐ ಎನ್ನುತ್ತಾರೆ. ಎಐ ಸಹಾಯಕಗಳು ಇಂತಹ ಕೌಂಟರುಗಳನ್ನು ಒಂದೇ ಕ್ರಮದಲ್ಲಿ ಬಳಸಲೆಂದು ಆಂತ್ರಾಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿತು.

ಕೆಲಸ ನಾಲ್ಕು ಹಂತದಲ್ಲಿ ನಡೆಯುತ್ತದೆ. ನಾವು ಪ್ರಶ್ನೆ ಕೇಳುತ್ತೇವೆ. ಇದಕ್ಕೆ ಮಾಪಕದ ಅಂಕಿ ಬೇಕು ಎಂದು ಸಹಾಯಕ ಗುರುತಿಸಿ ಒಂದು ಚಲನ್ ಬರೆಯುತ್ತದೆ. ನಡುವಿನ ಪ್ರೋಗ್ರಾಮ್ ಅದನ್ನು ಮಾಪಕ ಕೇಂದ್ರದ ಕೌಂಟರಿಗೆ ಒಯ್ದು ಅಂಕಿ ತರುತ್ತದೆ. ಸಹಾಯಕ ಆ ಅಂಕಿಯನ್ನು ವಾಕ್ಯ ಮಾಡಿ ಹೇಳುತ್ತದೆ. ನೀರನ್ನು ಅಳೆಯುವುದು ಮಾಪಕ. ಸಹಾಯಕದ್ದು ಓದಿ ಹೇಳುವ ಕೆಲಸ ಮಾತ್ರ. ಓದುವಾಗ ತಪ್ಪಾಗಬಹುದು.

ನಾವು ಮಾಡಿ ನೋಡಿದ್ದು

ನನ್ನದು ಸಿಇಬಿಎ ಕಾಂಬಿನೇಶನ್. ಪೈಥಾನ್ ಸ್ವಲ್ಪ ಬರುತ್ತದೆ, ಗೆಳತಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಅಭ್ಯಾಸಕ್ಕೆ ಇಂಗ್ಲೆಂಡಿನ ಪರಿಸರ ಏಜೆನ್ಸಿಯ ನದಿ ಮಟ್ಟದ ಎಪಿಐ ತೆಗೆದುಕೊಂಡೆವು. ಅದಕ್ಕೆ ನೋಂದಣಿ ಬೇಡ, ಶುಲ್ಕವಿಲ್ಲ. ಥೇಮ್ಸ್ ನದಿಯ ಒಂದು ಮಾಪಕದ ಅಂಕಿಯನ್ನು ತಂದು ಸಹಾಯಕಕ್ಕೆ ಕೊಟ್ಟು ಪ್ರಶ್ನೆ ಕೇಳಿದೆವು. ನಾಲ್ಕು ಕಡೆ ಎಡವಿದೆವು.

ಒಂದು, ಗಡಿಯಾರ. ಅಂಕಿಯ ಮೇಲೆ 10:15 ಎಂದಿತ್ತು. ಸಹಾಯಕ ‘ಬೆಳಿಗ್ಗೆ 10:15ರ ಮಟ್ಟ’ ಎಂದಿತು. ಆದರೆ ಆ ಸಮಯ ಯುಟಿಸಿ ಲೆಕ್ಕದ್ದು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ, ಅಂದರೆ ನಮಗದು ಮಧ್ಯಾಹ್ನ 3:45. ಬೇರೆ ಊರಿನ ನಮಾಜ್ ವೇಳಾಪಟ್ಟಿಯನ್ನು ಜಯನಗರದ ಗೋಡೆಗೆ ಹಚ್ಚಿದಂತಾಯಿತು.

ಎರಡು, ‘ಇತ್ತೀಚಿನದು’ ಎಂಬ ಪದ. ಅಲ್ಲಿ ಮಟ್ಟವನ್ನು 15 ನಿಮಿಷಕ್ಕೊಮ್ಮೆ ಅಳೆಯುತ್ತಾರೆ. ಆದರೆ ಪ್ರವಾಹದ ಭಯವಿಲ್ಲದ ದಿನಗಳಲ್ಲಿ ಎಷ್ಟೋ ಮಾಪಕಗಳು ಆ ಅಂಕಿಗಳನ್ನು ದಿನಕ್ಕೆ ಒಂದೆರಡು ಸಲ ಒಟ್ಟಿಗೆ ಕಳುಹಿಸುತ್ತವೆ. ಹಾಗಾಗಿ ಇತ್ತೀಚಿನ ಅಂಕಿಯೂ ಹಲವು ಗಂಟೆ ಹಳೆಯದಿರಬಹುದು. ಚೆಕ್ ಕೊಟ್ಟ ದಿನ ಬೇರೆ, ಪಾಸ್‌ಬುಕ್ಕಿನಲ್ಲಿ ಏರಿದ ದಿನ ಬೇರೆ. ಬ್ಯಾಂಕ್ ರಿಕನ್ಸಿಲಿಯೇಶನ್ ಸ್ಟೇಟ್‌ಮೆಂಟ್ ನಾವು ಬರೆಯುವುದು ಇದಕ್ಕೇ ಅಲ್ಲವೇ?

ಮೂರು, ಸೊನ್ನೆ ಎಲ್ಲಿದೆ? ಮಟ್ಟ 1.2 ಮೀಟರ್ ಎಂದರೆ ಆಳ 1.2 ಮೀಟರ್ ಎಂದು ಸಹಾಯಕ ಹೇಳಿತು. ಮಾಪಕದ ಸೊನ್ನೆಯನ್ನು ನದಿಯ ತಳದಲ್ಲೇ ಇಟ್ಟಿರಬೇಕೆಂದಿಲ್ಲ. ನಮ್ಮ ಕೇಂದ್ರ ಜಲ ಆಯೋಗ ನದಿ ಮಟ್ಟವನ್ನು ಸಮುದ್ರ ಮಟ್ಟದಿಂದ ಲೆಕ್ಕ ಹಾಕಿ, ಪ್ರತಿ ಪ್ರವಾಹ ಕೇಂದ್ರಕ್ಕೂ ಎಚ್ಚರಿಕೆ ಮಟ್ಟ, ಅಪಾಯದ ಮಟ್ಟ ಎಂದು ಎರಡು ಗೆರೆ ಹಾಕುತ್ತದೆ. ಆ ಗೆರೆಗಳ ಪಕ್ಕದಲ್ಲಿಟ್ಟಾಗಲೇ ಅಂಕಿಗೆ ಅರ್ಥ.

ನಾಲ್ಕು, ಖಾಲಿ ಜಾಗ. ಪರೀಕ್ಷಿಸಲೆಂದು ಒಂದು ಸಾಲನ್ನು ನಾವೇ ಖಾಲಿ ಬಿಟ್ಟೆವು. ಸಹಾಯಕ ಮೊದಲ ಸಲ ಅದನ್ನು ಸೊನ್ನೆ ಎಂದು ಓದಿ ‘ಮಳೆ ನಿಂತಿದೆ’ ಎಂದಿತು. ನಾಲ್ಕರಲ್ಲಿ ನನಗೆ ಹೆಚ್ಚು ಭಯವಾದದ್ದು ಇದಕ್ಕೇ. ಜೋರು ಮಳೆಯಲ್ಲೇ ಕರೆಂಟು ಹೋಗುತ್ತದೆ, ಮೊಬೈಲ್ ಟವರ್ ಕೈಕೊಡುತ್ತದೆ, ಸೆನ್ಸರಿಗೆ ಕಸ ಸಿಕ್ಕಿಕೊಳ್ಳುತ್ತದೆ. ಅಂಕಿ ಬಾರದ ಹೊತ್ತೇ ಅಪಾಯದ ಹೊತ್ತಾಗಿರಬಹುದು. ಖಾಲಿ ಎಂದರೆ ‘ಗೊತ್ತಿಲ್ಲ’, ‘ಇಲ್ಲ’ ಅಲ್ಲ.

ಈ ನಾಲ್ಕನ್ನೂ ನಿಯಮವಾಗಿ ಬರೆದುಕೊಟ್ಟ ಮೇಲೆ ಉತ್ತರಗಳು ಬಹಳ ಸುಧಾರಿಸಿದವು. ಪ್ರತಿ ಉತ್ತರದಲ್ಲೂ ಮಾಪಕದ ಹೆಸರು, ಅಳೆದ ಹೊತ್ತು, ಎಷ್ಟು ನಿಮಿಷ ಹಳೆಯದು ಎಂಬುದು ಇರಲೇಬೇಕು, ಅಂಕಿ ಇಲ್ಲದಿದ್ದರೆ ಇಲ್ಲವೆಂದೇ ಹೇಳಬೇಕು ಎಂದು ಕಟ್ಟುಮಾಡಿದೆವು.

ಪಟ್ನಾದ ನದಿ, ನಮ್ಮ ಬೀದಿ

ಎಐ ಬಳಸಿ ಪ್ರವಾಹ ಮುನ್ಸೂಚನೆ ಕೊಡುವುದು ಹೊಸದಲ್ಲ. ಗೂಗಲ್ 2018ರಲ್ಲಿ ಪಟ್ನಾದಲ್ಲಿ ಅದನ್ನು ಶುರುಮಾಡಿತು. ಈಗ ಅದರ ‘ಫ್ಲಡ್ ಹಬ್’ ಹಲವು ದೇಶಗಳ ನದಿಗಳಿಗೆ ಏಳು ದಿನದವರೆಗೆ ಮುನ್ಸೂಚನೆ ಕೊಡುತ್ತದೆ. ಕೇಂದ್ರ ಜಲ ಆಯೋಗದ ‘ಫ್ಲಡ್‌ವಾಚ್ ಇಂಡಿಯಾ’ ಆ್ಯಪ್ 2023ರ ಆಗಸ್ಟ್‌ನಲ್ಲಿ ಬಂತು. ಗಂಗೆಯಂತಹ ನದಿ ದಿನಗಟ್ಟಲೆ ಏರುತ್ತದೆ, ಲೆಕ್ಕ ಹಾಕಲು ಸಮಯವಿರುತ್ತದೆ. ಕಾಂಕ್ರೀಟ್ ತುಂಬಿದ ನಮ್ಮ ಬಡಾವಣೆಗಳಲ್ಲಿ ಮಳೆಗೂ ನೀರು ನುಗ್ಗುವುದಕ್ಕೂ ಒಂದು ಗಂಟೆಯ ಅಂತರವೂ ಇರುವುದಿಲ್ಲ. ಹಾಗಾಗಿ ನಮಗೆ ಎರಡು ಗಂಟೆ ಹಳೆಯ ಅಂಕಿ ಹಳೆಯ ಪತ್ರಿಕೆಗೆ ಸಮ. ಇನ್ನೊಂದು ಮಾತು: ತಗ್ಗಿನಲ್ಲಿರುವವರು ತಮ್ಮ ಬೀದಿಯ ಮಳೆಯನ್ನಷ್ಟೇ ಕೇಳಿದರೆ ಸಾಲದು. ನೀರು ಬರುವ ಎತ್ತರದ ಕಡೆಯ ಮಾಪಕ ಏನು ಹೇಳುತ್ತದೆ ಎಂದೂ ಕೇಳಬೇಕು.

ಇನ್ನೊಂದು ಸಂಜೆ

ಮಳೆಗಾಲದ ಇನ್ನೊಂದು ಸಂಜೆ ಮೋಡ ಕಟ್ಟಿದಾಗ ನಾನು ಅಬ್ಬಾಗೆ ಬೇರೆ ರೀತಿ ಹೇಳಿದೆ. ಮಳೆಯ ಅಂಕಿ ಹತ್ತು ನಿಮಿಷ ಹಿಂದಿನದು, ಮೇಲಿನ ಕಡೆ ಮಳೆ ಶುರುವಾಗಿದೆ, ಕಾಲುವೆಯ ಮಟ್ಟದ ಅಂಕಿ ಸಿಗುತ್ತಿಲ್ಲ ಎಂದೆ. “ಸಿಗುತ್ತಿಲ್ಲವಾ? ಹಾಗಾದರೆ ಮೂಟೆ ಮೇಲೆ ಬರಲಿ” ಎಂದು ಅವರು ಇಬ್ಬರನ್ನು ಕರೆಸಿದರು. ಆ ರಾತ್ರಿ ನೀರು ಬರಲಿಲ್ಲ. ಕೂಲಿ ದಂಡವಾಯಿತಲ್ಲ ಎಂದು ನಾನು ಪೆಚ್ಚಾದೆ. “ಅದು ಪ್ರೀಮಿಯಂ” ಎಂದರು ಅಬ್ಬಾ. ಬಿಸಿನೆಸ್ ಸ್ಟಡೀಸ್ ಪುಸ್ತಕದ ವಿಮೆಯ ಪಾಠವನ್ನು ಅವರು ಓದಿದವರಲ್ಲ.

ನೀವೂ ಕೇಳಿ

ಮಳೆ, ನೀರಿನ ವಿಷಯದಲ್ಲಿ ಎಐ ಉತ್ತರ ಕೊಟ್ಟಾಗ ಈ ನಾಲ್ಕು ಪ್ರಶ್ನೆ ಕೇಳಿ:

1. ಇದು ಯಾವ ಹೊತ್ತಿನ ಅಂಕಿ? ಯಾವ ಗಡಿಯಾರದ ಲೆಕ್ಕ?
2. ಯಾವ ಮಾಪಕದ್ದು? ಅದು ನಮಗಿಂತ ಮೇಲಿದೆಯೋ ಕೆಳಗಿದೆಯೋ?
3. ಅಂಕಿ ಯಾವ ಅಳತೆಯಲ್ಲಿದೆ? ಸೊನ್ನೆ ಎಲ್ಲಿಂದ?
4. ಅಂಕಿ ಸಿಗದಿದ್ದರೆ ಹಾಗೆಂದು ಹೇಳಿದೆಯೇ?

ಉತ್ತರ ಏನೇ ಬರಲಿ, ಉಸ್ತುವಾರಿ ಕೇಂದ್ರ, ಹವಾಮಾನ ಇಲಾಖೆ ಮತ್ತು ಪಾಲಿಕೆಯ ಎಚ್ಚರಿಕೆಯೇ ಮುಖ್ಯ. ಬೇಸ್‌ಮೆಂಟಿಗೆ ನೀರು ಬಂದರೆ ಮೇನ್ ಸ್ವಿಚ್ ಆರಿಸದೆ ಯಾರೂ ಇಳಿಯಬಾರದು. ಸ್ವಿಚ್ಚೇ ನೀರಿನ ಬಳಿ ಇದ್ದರೆ ಮುಟ್ಟದೆ ವಿದ್ಯುತ್ ಕಚೇರಿಗೆ ತಿಳಿಸಿ. ತುರ್ತಿದ್ದರೆ 112ಕ್ಕೆ ಕರೆ ಮಾಡಿ.

ಮನೆಗೆಲಸವೊಂದು: ಮುಂದಿನ ಮಳೆಯ ದಿನ ಆ್ಯಪ್ ತೆರೆದು ನಿಮ್ಮ ಪ್ರದೇಶದ ಮಳೆಯನ್ನು ಹೊತ್ತಿನ ಸಮೇತ ಬರೆದುಕೊಳ್ಳಿ. ನಿಮ್ಮ ಮನೆಯ ತಾರಸಿಯ ಮೇಲೆ ಎಷ್ಟು ಲೀಟರ್ ಬಿತ್ತು ಎಂದು ಲೆಕ್ಕ ಹಾಕಿ. ಉತ್ತರದ ಮೇಲೆ ದಿನಾಂಕ ಮತ್ತು ಸಮಯ ಹಾಕುವುದನ್ನು ಮರೆಯಬೇಡಿ. ಅರ್ಧ ಅಂಕ ಅದಕ್ಕೇ.