ಬೇಟೆಯ ರುಸುಮಿನಿಂದ ಕಾಡುಮೃಗಗಳ ಪುನರುದ್ಧಾರ

ಗ್ರಾಮದ ಮುಖಂಡರೂ ಹಿಡುವಳಿದಾರರೂ ಚೆನ್ನಾಗಿ ಬಲ್ಲ ಸಂಗತಿಯೊಂದುಂಟು. ಕೆರೆಯ ಮೀನಿನ ಹರಾಜಿನಿಂದ ಬಂದ ಹಣವನ್ನು ಕೆರೆಗೇ ವೆಚ್ಚಮಾಡಿದರೆ ಏರಿಯು ಭದ್ರವಾಗಿರುವುದು. ಅನ್ಯಕಾರ್ಯಕ್ಕೆ ತೆಗೆದರೆ ಹೂಳು ತುಂಬಿ, ನೀರೂ ಇಲ್ಲ, ಮೀನೂ ಇಲ್ಲವೆಂಬಂತಾಗುವುದು. ಅಮೆರಿಕಾದ ಸಂಯುಕ್ತ ಸಂಸ್ಥಾನಗಳವರು ಈ ನ್ಯಾಯವನ್ನೇ ಕಾಡುಮೃಗಗಳ ವಿಷಯದಲ್ಲಿ ಅನುಸರಿಸಿರುವರು. ಅದರ ಕ್ರಮವನ್ನು ಇಲ್ಲಿ ವಿವರಿಸಿದೆ.

ಹಿಂದಿನ ಸ್ಥಿತಿ.— ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಮಾಂಸ, ಚರ್ಮ, ಗರಿಗಳ ವ್ಯಾಪಾರಕ್ಕಾಗಿ ಮಿತಿಯಿಲ್ಲದೆ ಬೇಟೆಯಾಡಿದರು. ಕಾಡು ಕಡಿದು, ಜವುಗು ನೆಲವನ್ನು ಬಸಿದು ಸಾಗುವಳಿಗೆ ತಂದರು. ಆಕಾಶವೇ ಮುಚ್ಚುವಂತೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳಲ್ಲಿ ಕಟ್ಟಕಡೆಯದು 1914ರಲ್ಲಿ ಸಿನ್ಸಿನಾಟಿ ನಗರದ ಮೃಗಾಲಯದಲ್ಲಿ ಸತ್ತಿತು. ಬಿಳಿಬಾಲದ ಜಿಂಕೆಯೂ ಕಾಡು ಟರ್ಕಿಕೋಳಿಯೂ ಅನೇಕ ಸೀಮೆಗಳಲ್ಲಿ ಕಾಣದಾದುವು.

ಹಣದ ಏರ್ಪಾಡು.— 1934ರ ಶಾಸನದಂತೆ, ವಲಸೆಬರುವ ನೀರುಹಕ್ಕಿಗಳನ್ನು ಬೇಟೆಯಾಡುವವರು ಸರ್ಕಾರದ ಸ್ಟಾಂಪನ್ನು ಕೊಳ್ಳತಕ್ಕದ್ದು. ಆ ಹಣದಿಂದ ಹಕ್ಕಿಗಳು ತಂಗುವ ಜವುಗು ನೆಲಗಳನ್ನು ಕೊಂಡು ಕಾಪಾಡುವರು. 1937ರ ಪಿಟ್‌ಮನ್–ರಾಬರ್ಟ್‌ಸನ್ ಶಾಸನದಂತೆ, ಕೋವಿ ಮದ್ದುಗುಂಡುಗಳ ತಯಾರಕರು ತೆರುವ ಸುಂಕವು ಮೃಗೋದ್ಧಾರಕ್ಕೆ ಮೀಸಲಾಯಿತು. ಈಗ ಉದ್ದಕೋವಿಗೂ ತೋಟಾಗಳಿಗೂ ಈ ಸುಂಕವು ನೂರಕ್ಕೆ 11. ಇದರ ಮುಖ್ಯಭಾಗವನ್ನು ಹಂಚುವಾಗ, ಅರ್ಧವನ್ನು ಆಯಾ ಸಂಸ್ಥಾನದ ವಿಸ್ತೀರ್ಣದ ಮೇಲೂ, ಅರ್ಧವನ್ನು ಲೈಸೆನ್ಸು ಪಡೆದ ಬೇಟೆಗಾರರ ಸಂಖ್ಯೆಯ ಮೇಲೂ ಗೊತ್ತುಮಾಡುವರು. ಒಪ್ಪಿಗೆಯಾದ ಕೆಲಸವನ್ನು ಸಂಸ್ಥಾನದವರು ಮೊದಲು ಮಾಡಿಸಿ ಲೆಕ್ಕ ಒಪ್ಪಿಸಿದರೆ, ವೆಚ್ಚದ ನಾಲ್ಕರಲ್ಲಿ ಮೂರು ಪಾಲಿನವರೆಗೆ ಕೇಂದ್ರ ಸರ್ಕಾರವು ತುಂಬಿಕೊಡುವುದು. ಉಳಿದ ಪಾಲಿಗೆ ಸಾಮಾನ್ಯವಾಗಿ ಲೈಸೆನ್ಸು ರುಸುಮು ಒದಗುವುದು.

ಮುಖ್ಯವಾದ ಷರತ್ತು.— ಲೈಸೆನ್ಸು ರುಸುಮನ್ನು ತನ್ನ ಮೃಗ ಮತ್ಸ್ಯ ಇಲಾಖೆಯ ಕೆಲಸಕ್ಕಲ್ಲದೆ ಬೇರಾವುದಕ್ಕೂ ತಿರುಗಿಸಕೂಡದೆಂದು ಶಾಸನ ಮಾಡಿಕೊಳ್ಳದ ಸಂಸ್ಥಾನಕ್ಕೆ ಈ ಸಹಾಯವು ದೊರೆಯದು. ಇಡೀ ಏರ್ಪಾಡಿಗೆ ಇದೇ ಅಡಿಗಲ್ಲು.

ಫಲ.— ಸಾಕಿ ಬೆಳೆಸಿದ ಟರ್ಕಿಕೋಳಿಗಳನ್ನು ಕಾಡಿಗೆ ಬಿಟ್ಟಾಗ ಅವು ನೆಲೆಗೊಳ್ಳಲಿಲ್ಲ. ಅನಂತರ ಕಾಡಿನಲ್ಲಿಯೇ ಬಲೆಯಿಂದ ಹಿಡಿದವುಗಳನ್ನು ಬೇರೆ ಕಾಡುಗಳಿಗೆ ಸಾಗಿಸಿದರು, ಅವು ಹಬ್ಬಿದುವು. ಇಂದು ಅವುಗಳ ಸಂಖ್ಯೆಯು ಲಕ್ಷಗಟ್ಟಲೆಯಾಗಿದೆ. ಜಿಂಕೆಗಳಾದರೋ ಕೆಲವೆಡೆ ಪೈರನ್ನು ಮೇಯುವಷ್ಟು ಹೆಚ್ಚಿವೆ. ಆದುದರಿಂದ ಬೇಟೆಯ ಕಾಲವನ್ನೂ ಹೊಡೆಯಬಹುದಾದ ಸಂಖ್ಯೆಯನ್ನೂ ಅಲ್ಲಿನ ಇಲಾಖೆಯವರು ಪರಿಶೀಲಿಸಿ ನಿಗದಿಮಾಡುವರು. ಮೃಗವು ಹೆಚ್ಚಿದರೆ ಸಾಲದು, ರೈತನ ಹೊಲವೂ ಉಳಿಯಬೇಕು.

ನಮಗೆ ತಿಳಿಯಬೇಕಾದುದು.— ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಬೇಟೆಯು ನಿಷಿದ್ಧವಾಗಿದೆ. ಆ ರುಸುಮು ನಮಗೆ ಬೇಕಾಗಿಯೂ ಇಲ್ಲ. ಗ್ರಹಿಸತಕ್ಕ ತತ್ತ್ವವೊಂದೇ: ಕೆರೆಯ ಹಣ ಕೆರೆಗೆ, ಗೋಮಾಳದ ಹಣ ಗೋಮಾಳಕ್ಕೆ, ತೋಪಿನ ಹಣ ತೋಪಿಗೆ. ಗ್ರಾಮದ ಲೆಕ್ಕದಲ್ಲಿ ಇವುಗಳನ್ನು ಬೇರೆಬೇರೆಯಾಗಿ ಬರೆದಿಟ್ಟು, ವರ್ಷಕ್ಕೊಮ್ಮೆ ಸಭೆಯಲ್ಲಿ ಓದಿ ಹೇಳುವುದು ಮುಖಂಡರಾದವರ ಕರ್ತವ್ಯವು.